ಮುರಿದ ಕೈಗೆ ಎಷ್ಟು ಎಕ್ಸ್‌ರೇ?

ಪತ್ರ: ಏಳು ವರ್ಷದ ಮಗ ಸೀಬೆಮರದಿಂದ ಬಿದ್ದು ಮುಂಗೈಯ ಎರಡೂ ಮೂಳೆ ಮುರಿದುಕೊಂಡಿದ್ದಾನೆ. ಮೂರು ವಾರದಲ್ಲಿ ನಾಲ್ಕು ಸಲ ಎಕ್ಸ್‌ರೇ, ಮೂಳೆ ಕೂರಿಸುವಾಗ ಸಿ-ಆರ್ಮ್ (ಆ ಕ್ಷಣವೇ ಪರದೆಯ ಮೇಲೆ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರ) ಬೇರೆ. ಹೊಟ್ಟೆಯ ಮೇಲೆ ಸೀಸದ ಏಪ್ರನ್ ಹಾಕಿ ಎಂದರೆ ತಂತ್ರಜ್ಞರು ಬೇಡವೆಂದರು. ಮುಂದೆ ಕ್ಯಾನ್ಸರ್ ಬಂದರೆ? ಪ್ಲಾಸ್ಟರ್ ಬಿಚ್ಚಿಸಿ ನಾಟಿ ಕಟ್ಟು ಹಾಕಿಸೋಣ ಎನ್ನುತ್ತಾರೆ ಅತ್ತೆ.
– ಓದುಗರೊಬ್ಬರು, ಚನ್ನಗಿರಿ

ಸಂಪಾದಕರ ಉತ್ತರ: ಮೊದಲಿಗೆ, ದಯವಿಟ್ಟು ಪ್ಲಾಸ್ಟರ್ ಬಿಚ್ಚಿಸಬೇಡಿ. ಬಿದಿರು ಪಟ್ಟಿಯಿಟ್ಟು ಬಿಗಿದ ಕಟ್ಟಿನಿಂದ ರಕ್ತ ಸಂಚಾರ ನಿಂತು ಮಕ್ಕಳ ಕೈ ಶಾಶ್ವತವಾಗಿ ಸೆಟೆದುಕೊಂಡ ಪ್ರಕರಣಗಳನ್ನು ಮೂಳೆ ವೈದ್ಯರು ಇಂದಿಗೂ ನೋಡುತ್ತಿದ್ದಾರೆ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಇನ್ನು ವಿಕಿರಣ. ಕೈಯ ಒಂದು ಎಕ್ಸ್‌ರೇ ಚಿತ್ರದಿಂದ ದೇಹಕ್ಕೆ ತಗಲುವುದು ಹೆಚ್ಚುಕಡಿಮೆ 0.001 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ನೆಲ, ಗಾಳಿ, ಆಕಾಶ, ಆಹಾರದಿಂದ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ನಾಲ್ಕು ಸಲವೂ ಎರಡೆರಡು ಕೋನದಿಂದ ತೆಗೆದರು ಎಂದಿಟ್ಟುಕೊಂಡರೂ, ನಿಮ್ಮ ಮಗ ಸುಮ್ಮನೆ ಮನೆಯಲ್ಲಿದ್ದು ಒಂದೆರಡು ದಿನದಲ್ಲಿ ಪಡೆಯುವಷ್ಟೇ ಅದು. ಬೆನ್ನುಮೂಳೆ, ಸೊಂಟದ ಚಿತ್ರ ಅಥವಾ ಸಿ.ಟಿ. ಸ್ಕ್ಯಾನ್ ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ಪ್ರಮಾಣ ನೂರಾರು ಪಟ್ಟು ಏರಬಹುದು.

ಹಾಗೆಂದು ಅಜಾಗ್ರತೆ ಸಲ್ಲದು. ಬೆಳೆಯುವ ಜೀವಕೋಶ ಸೂಕ್ಷ್ಮ, ಮಗುವಿನ ಮುಂದಿರುವ ಆಯುಸ್ಸೂ ದೀರ್ಘ. ಉಳಿತಾಯಕ್ಕೆ ನಿಜವಾದ ಅವಕಾಶವಿರುವುದು ಸಿ-ಆರ್ಮ್ ಕೋಣೆಯಲ್ಲಿ. ಪೆಡಲ್ ಒತ್ತಿದಷ್ಟು ಹೊತ್ತೂ ಕಿರಣ ಹರಿಯುತ್ತದೆ. ಪಳಗಿದ ವೈದ್ಯರು ಮೂಳೆಯನ್ನು ಎಳೆದು ಕೂರಿಸುವಾಗ ಪೆಡಲ್ ಮುಟ್ಟುವುದಿಲ್ಲ. ಕೂರಿಸಿ, ಕ್ಷಣಮಾತ್ರ ಒತ್ತಿ, ಪರದೆಯ ಮೇಲೆ ನಿಂತ ಚಿತ್ರವನ್ನೇ ನೋಡಿ ಮುಂದಿನದನ್ನು ತೀರ್ಮಾನಿಸುತ್ತಾರೆ. ಕಿರಣವನ್ನು ಮುರಿದ ಜಾಗದಷ್ಟಕ್ಕೇ ಕಿರಿದಾಗಿಸಿ, ಕೈಯನ್ನು ಕಿರಣ ಹೊಮ್ಮಿಸುವ ಟ್ಯೂಬಿನಿಂದ ದೂರ, ಚಿತ್ರ ಹಿಡಿಯುವ ಭಾಗಕ್ಕೆ ಹತ್ತಿರ ಇಡುತ್ತಾರೆ. ಅಷ್ಟಕ್ಕೇ ಪ್ರಮಾಣ ಬಹಳ ಇಳಿಯುತ್ತದೆ. ಪಕ್ಕದಲ್ಲಿ ನಿಂತವರಿಗೂ ಅಷ್ಟೇ: ದೂರ ಇಮ್ಮಡಿಯಾದರೆ ತಗಲುವ ಕಿರಣ ಸುಮಾರು ಕಾಲು ಭಾಗ.

ಏಪ್ರನ್ ವಿಷಯದಲ್ಲಿ ನಾನು ತಂತ್ರಜ್ಞರ ಪರ. ರೋಗಿಗೆ ವಾಡಿಕೆಯಂತೆ ಸೀಸ ಹೊದಿಸುವುದನ್ನು ಬಿಡಿ ಎಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ ಹೇಳಿದೆ. ಕೈಯ ಚಿತ್ರ ತೆಗೆಯುವಾಗ ಹೊಟ್ಟೆಗೆ ತಲುಪುವುದು ನಗಣ್ಯ. ಆದರೆ ಮಗುವನ್ನು ಹಿಡಿದುಕೊಳ್ಳುವ ನಿಮಗೆ ಏಪ್ರನ್ ಕೊಡಲೇಬೇಕು. ಗರ್ಭಿಣಿಯಾಗಿದ್ದರೆ ನೀವು ಒಳಗೇ ಹೋಗಬಾರದು.

ನಾಲ್ಕು ಸಲ ಬೇಕಿತ್ತೇ? ಬಾವು ಇಳಿದಾಗ ಪ್ಲಾಸ್ಟರ್ ಸಡಿಲವಾಗಿ, ಕೂರಿಸಿದ ಮೂಳೆ ಜಾರಬಹುದು. ಆದ್ದರಿಂದ ಎರಡೂ ಮೂಳೆ ಮುರಿದಾಗ ಮೊದಲ ವಾರಗಳ ಚಿತ್ರ ತಪ್ಪಿಸುವಂಥದ್ದಲ್ಲ. ಮಣಿಕಟ್ಟಿನ ಬಳಿ ಮೂಳೆ ಬರೀ ಉಬ್ಬಿದಂತಾಗುವ ಮುರಿತದ ಮಾತು ಬೇರೆ. ಬ್ರಿಟನ್ನಿನಲ್ಲಿ 965 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಥ ಮುರಿತಕ್ಕೆ ಮೆತ್ತನೆಯ ಬ್ಯಾಂಡೇಜ್ ಕೊಟ್ಟು ಮನೆಗೆ ಕಳಿಸಿದ ಮಕ್ಕಳೂ ಗಟ್ಟಿ ಪಟ್ಟಿ ಕಟ್ಟಿಸಿಕೊಂಡವರಷ್ಟೇ ಚೆನ್ನಾಗಿ ಗುಣವಾದರು. ಮತ್ತೆ ಮತ್ತೆ ಚಿತ್ರ ಅವರಿಗೆ ಬೇಕಿಲ್ಲ. ಮುಂಗೈ ಮುರಿತದ ಶಂಕೆಯಿದ್ದು ಕೈ ಸೊಟ್ಟಗಾಗಿರದ ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡ್ ಮಾಡಿದರೂ ಸಾಕೆಂದು ಆಸ್ಟ್ರೇಲಿಯಾದ ವೈದ್ಯರು 2023ರಲ್ಲಿ ತೋರಿಸಿದ್ದಾರೆ.

ಮುಂದಿನ ಸಲ ಚೀಟಿ ಬರೆದಾಗ, "ಈ ಚಿತ್ರ ನೋಡಿದ ಮೇಲೆ ಚಿಕಿತ್ಸೆ ಬದಲಾಗಬಹುದೇ ಡಾಕ್ಟರೇ?" ಎಂದು ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಮುನಿಯುವುದಿಲ್ಲ. ಹಳೆಯ ಫಿಲ್ಮ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ. ಮೊದಲಿನದು ಕೈಗೆ ಸಿಗದೆ ಮತ್ತೊಮ್ಮೆ ತೆಗೆಯುವ ಎಕ್ಸ್‌ರೇಯಷ್ಟು ದಂಡದ ಎಕ್ಸ್‌ರೇ ಇನ್ನೊಂದಿಲ್ಲ.