ಆ ಕಾಲಂನಲ್ಲಿ ಯಾರ ಹೆಸರಿದೆ?

ಪ್ರಶ್ನೆ: ಸಾರ್ವಜನಿಕ ಸೇವಾ ಇಲಾಖೆಯೊಂದರಲ್ಲಿ ಈಚೆಗೆ ವಿಭಾಗದ ಮುಖ್ಯಸ್ಥೆಯಾದೆ. ನಮ್ಮ ರಿಸ್ಕ್ ರಿಜಿಸ್ಟರ್‌ನಲ್ಲಿ (ಬರಬಹುದಾದ ಅಪಾಯಗಳನ್ನೂ ಅವುಗಳ ಹೊಣೆಗಾರರನ್ನೂ ಬರೆದಿಡುವ ಪಟ್ಟಿ) ನಲವತ್ತು ಅಪಾಯಗಳನ್ನು ಬರೆದಿದ್ದಾರೆ, ಮುಕ್ಕಾಲು ಪಾಲಿನ ಮುಂದೆ ‘ಹೊಣೆ: ಸಂಬಂಧಪಟ್ಟ ಎಲ್ಲರೂ’ ಅಂತಿದೆ. ನಾಳೆ ಏನಾದರೂ ಆದರೆ ಯಾರನ್ನು ಕೇಳಲಿ? ಇದಕ್ಕೆ ಓದಬಹುದಾದ ಪುಸ್ತಕಗಳಿವೆಯೇ?

ಉತ್ತರ: ಇವೆ. ಮೊದಲು ಡಯೇನ್ ವಾನ್ ಅವರ ‘ದಿ ಚಾಲೆಂಜರ್ ಲಾಂಚ್ ಡಿಸಿಷನ್’ ಓದಿ. 1996ರ ಪುಸ್ತಕ, ದಪ್ಪಗಿದೆ, ಆದರೂ ಬಿಡಬೇಡಿ.

1986ರ ಜನವರಿ 27ರ ರಾತ್ರಿ ಒಂದು ಫೋನ್ ಸಭೆ ನಡೆಯಿತು. ಬೆಳಗಾದರೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರಬೇಕು. ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು, ಚಳಿ ಜಾಸ್ತಿ ಇದೆ, ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರ ಗಡುಸಾಗುತ್ತೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಅಂದರು. ನಾಸಾದವರು ಒಪ್ಪಲಿಲ್ಲ. ಕಂಪನಿಯವರು ಐದು ನಿಮಿಷ ಕೊಡಿ ಅಂತ ಫೋನ್ ಮ್ಯೂಟ್ ಮಾಡಿ, ಅರ್ಧ ಗಂಟೆ ತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ನಾಲ್ವರು ಮ್ಯಾನೇಜರ್‌ಗಳೇ ತೀರ್ಮಾನ ಮಾಡಿ, ಹಾರಿಸಬಹುದು ಅಂದರು. ಮರುದಿನ 73 ಸೆಕೆಂಡಿನಲ್ಲಿ ನೌಕೆ ಛಿದ್ರವಾಗಿ ಏಳು ಜನ ಹೋದರು. ಹಾರಿಸಲು ಕೊನೆಯ ಒಪ್ಪಿಗೆ ಕೊಟ್ಟ ಮೇಲಿನ ಅಧಿಕಾರಿಗಳಿಗೆ ರಾತ್ರಿ ಇಂಥದ್ದೊಂದು ವಾದ ನಡೆದದ್ದೇ ಗೊತ್ತಿರಲಿಲ್ಲ!

ಅಪಾಯ ಗೊತ್ತಿದ್ದವರ ಕೈಯಲ್ಲಿ ನಿಲ್ಲಿಸುವ ಅಧಿಕಾರ ಇರಲಿಲ್ಲ, ಅಧಿಕಾರ ಇದ್ದವರ ಕಿವಿಗೆ ಅಪಾಯ ಬೀಳಲಿಲ್ಲ. ನಿಮ್ಮ ರಿಜಿಸ್ಟರ್ ಓದುವಾಗ ಇದನ್ನೇ ಹುಡುಕಿ. ವಾನ್ ಅವರ ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿದ್ದು. ಅಲ್ಲಿ ಯಾರೂ ದುಷ್ಟರಲ್ಲ, ನಿಯಮ ಮುರಿದವರೂ ಅಲ್ಲ. ಉಂಗುರ ಸುಟ್ಟಿದ್ದು 1981ರಲ್ಲೇ ಕಂಡಿತ್ತು. ಆಗ ಏನೂ ಆಗಲಿಲ್ಲ, ಮುಂದೆ ಮತ್ತೆ ಕಂಡಾಗಲೂ ಆಗಲಿಲ್ಲ, ಹೀಗೇ ಅದು ‘ಮಾಮೂಲಿ’ ಆಗಿಬಿಟ್ಟಿತು. ನಾನು ಹಿಂದೆ ಇದ್ದ ಕಚೇರಿಯಲ್ಲೂ ಅಷ್ಟೇ, ಪ್ರತಿ ತಿಂಗಳ ಸಭೆಯಲ್ಲಿ ಅದೇ ಅಪಾಯ, ಅದೇ ಸಾಲು, ತಾರೀಖು ಮಾತ್ರ ಹೊಸದು. ನಾನೂ ಸಹಿ ಹಾಕುತ್ತಿದ್ದೆ. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ.

ಇನ್ನೊಂದು, ಅತುಲ್ ಗವಾಂಡೆ ಅವರ ‘ದಿ ಚೆಕ್‌ಲಿಸ್ಟ್ ಮ್ಯಾನಿಫೆಸ್ಟೋ’ (2009). ಅದರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪ್ರಸಂಗ ಬರುತ್ತದೆ. ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಸೋಂಕಾಗದಿರಲು ಐದೇ ಹೆಜ್ಜೆ, ಕೈ ತೊಳೆಯುವುದರಿಂದ ಶುರು. ಎಲ್ಲ ಡಾಕ್ಟರಿಗೂ ಗೊತ್ತಿದ್ದದ್ದೇ, ಆದರೂ ಒಂದೊಂದು ಬಿಟ್ಟುಹೋಗುತ್ತಿತ್ತು. ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದರೆ ಏನಾಗುತ್ತಿತ್ತೋ, ಅಲ್ಲಿ ಮಾಡಿದ್ದು ಬೇರೆ: ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ಕೆಲಸ ನಿಲ್ಲಿಸುವ ಅಧಿಕಾರವನ್ನು ಆಡಳಿತವೇ ನರ್ಸ್‌ಗೆ ಕೊಟ್ಟಿತು. ಒಂದು ವರ್ಷದಲ್ಲಿ ಸೋಂಕಿನ ಪ್ರಮಾಣ ಶೇ 11ರಿಂದ ಸೊನ್ನೆಗೆ ಇಳಿಯಿತು.

ಆದ್ದರಿಂದ ನಲವತ್ತನ್ನೂ ಒಟ್ಟಿಗೆ ಸರಿ ಮಾಡಲು ಹೋಗಬೇಡಿ. ಜನರ ಜೀವಕ್ಕೆ ತಟ್ಟುವ ಐದನ್ನು ಆರಿಸಿ. ಪ್ರತಿಯೊಂದರ ಮುಂದೆ ಒಬ್ಬರದೇ ಹೆಸರು ಬರೆಯಿರಿ, ಹುದ್ದೆ ಮಾತ್ರ ಬರೆದರೆ ವರ್ಗಾವಣೆ ಆದಾಗ ಹೊಣೆಯೂ ಗಾಳಿಗೆ ಹೋಗುತ್ತದೆ. ಪಕ್ಕದಲ್ಲೇ, ಏನು ಕಂಡರೆ ಅವರು ಯಾರನ್ನೂ ಕೇಳದೆ ಕೆಲಸ ನಿಲ್ಲಿಸಬಹುದು ಅನ್ನುವುದನ್ನೂ ಬರೆಯಿರಿ. ಒಂದೆರಡರ ಮುಂದೆ ನಿಮ್ಮದೇ ಹೆಸರು ಇರಲಿ, ಇಲ್ಲದಿದ್ದರೆ ಕೆಳಗಿನವರು ನಂಬಲ್ಲ.

ಪ್ರಶ್ನೆ: ನನ್ನನ್ನು ರಿಸ್ಕ್ ಓನರ್ ಅಂತ ಹೆಸರಿಸಿದ್ದಾರೆ. ಆದರೆ ಹಣವೂ ಇಲ್ಲ, ಸಿಬ್ಬಂದಿಯೂ ಇಲ್ಲ, ಯಾವುದನ್ನೂ ನಿಲ್ಲಿಸುವ ಹಾಗಿಲ್ಲ. ಒಪ್ಪಿಕೊಳ್ಳಲೇ?

ಉತ್ತರ: ಹಾಗೇ ಸುಮ್ನೆ ಒಪ್ಪಬೇಡಿ. ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 31000ರ 2009ರ ಆವೃತ್ತಿಯಲ್ಲೇ, ಓನರ್ ಅಂದರೆ ಉತ್ತರ ಕೊಡುವ ಹೊಣೆ ಮತ್ತು ಅಧಿಕಾರ ಎರಡೂ ಇರುವವರು ಅಂತಿದೆ. ನಿಮಗೆ ಅದರಲ್ಲಿ ಅರ್ಧವನ್ನಷ್ಟೇ ಕೊಟ್ಟಿದ್ದಾರೆ, ಅಲ್ವಾ? ನಿಮ್ಮನ್ನು ಹೆಸರಿಸಿದ ಮೇಲಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ: ಈ ಅಪಾಯ ತಡೆಯಲು ಇಷ್ಟು ಬೇಕು, ಇಂಥ ದಿನದೊಳಗೆ ಸಿಗದಿದ್ದರೆ ಹೊಣೆ ನಿಮ್ಮ ಮಟ್ಟಕ್ಕೇ ಮರಳಲಿ. ಜಗಳದ ಧಾಟಿ ಬೇಡ. ಉತ್ತರ ಬರುವವರೆಗೆ ಪ್ರತಿ ಸಭೆಯ ನಡಾವಳಿಯಲ್ಲೂ ಆ ಪತ್ರದ ತಾರೀಖು ದಾಖಲಾಗಲಿ.