ಹೆದ್ದಾರಿ ಬದಿಯ ಮಾಲ್‌ನಲ್ಲಿ ರೂಮು: ಗ್ರೌಂಡ್ ಫ್ಲೋರೋ, ಫಸ್ಟ್ ಫ್ಲೋರೋ?

ಕೇರಳ ಗಡಿಯ ಉಪ್ಪಳದ ಹತ್ತಿರ ಹೊಸ ಮಾಲ್, ಕೊಳ್ಳುವುದು ಕೆಳಗಿನ ಚಿಕ್ಕ ಅಂಗಡಿ ರೂಮೋ ಮೇಲಿನ ದೊಡ್ಡ ರೂಮೋ, ಬಿಲ್ಡರಿನಿಂದ ಮೂರು ವರ್ಷ ಖಾತ್ರಿ ಬಾಡಿಗೆ, ದುಡ್ಡು ದುಬೈಯಲ್ಲಿರುವ ಅಣ್ಣನದ್ದು. ನೀವು ಕೇಳಿದ್ದು ಇಷ್ಟು. ಊರಿನ ಹೆಸರೊಂದು ಬದಲಿಸಿದರೆ ನಾವು ಒಂದಷ್ಟು ಮಂದಿ ಕಾಸರಗೋಡು ಕಡೆ ಒಂದು ಕಟ್ಟಡದ ಬ್ರೋಷರ್ ಹಿಡಿದುಕೊಂಡು ಕೇಳಿದ್ದೂ ಇದನ್ನೇ. ಆ ಕಟ್ಟಡದ ಎಸ್ಕಲೇಟರಿಗೆ ಈಗ ಅಡ್ಡ ಹಗ್ಗ ಕಟ್ಟಿದೆ. ಅದರ ಮಾಲೀಕರ ಅಸೋಸಿಯೇಷನ್ ಲೆಕ್ಕ ನೋಡಿದವನಾಗಿ ಹೇಳುತ್ತೇನೆ: ಮಹಡಿಯ ಪ್ರಶ್ನೆ ಎರಡನೆಯದು. ಉಳಿದ ರೂಮುಗಳು ಯಾರ ಕೈಯಲ್ಲಿರುತ್ತವೆ ಎನ್ನುವುದು ಮೊದಲನೆಯದು, ಅದನ್ನು ನೀವು ಕೇಳಲೇ ಇಲ್ಲ.

ಮೊದಲು ಖಾತ್ರಿ ಬಾಡಿಗೆಯ ವಿಷಯ ಮುಗಿಸುವ. ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂಕಿ ನಾನೇ ಇಟ್ಟುಕೊಂಡಿದ್ದೇನೆ, ನಿಮ್ಮದನ್ನು ಹಾಕಿ ನೋಡಿ. 300 ಚದರಡಿ ಸೂಪರ್ ಏರಿಯಾ (ಸಾಮಾನ್ಯ ಜಾಗದ ಪಾಲೂ ಸೇರಿದ ಅಳತೆ), ಚದರಡಿಗೆ 12,000 ರೂ., ಅಂದರೆ 36 ಲಕ್ಷ. ತಿಂಗಳಿಗೆ 24,000 ಖಾತ್ರಿ, ವರ್ಷಕ್ಕೆ ಶೇ. 8. ಮೂರು ವರ್ಷಕ್ಕೆ ಕೈಗೆ ಬರುವುದು 8.64 ಲಕ್ಷ. ಈಗ ಅದೇ ರಸ್ತೆಯಲ್ಲಿ ಖಾತ್ರಿಗೀತ್ರಿ ಇಲ್ಲದ ಸಾದಾ ಕಾಂಪ್ಲೆಕ್ಸಿನ ರೇಟು ವಿಚಾರಿಸಿ. 9,000 ಇದ್ದರೆ 27 ಲಕ್ಷವಾಯಿತು. ವ್ಯತ್ಯಾಸ 9 ಲಕ್ಷ. ನಿಮ್ಮದೇ 9 ಲಕ್ಷವನ್ನು ಬಿಲ್ಡರ್ ನಿಮಗೆ ಕಂತಿನಲ್ಲಿ ವಾಪಸ್ ಕೊಡುತ್ತಾನೆ, ಅದೂ ಸ್ವಲ್ಪ ಕಡಿಮೆ. ಆ ಹೆಚ್ಚುವರಿ 9 ಲಕ್ಷದ ಮೇಲೆ ಕೇರಳದಲ್ಲಿ ಶೇ. 8 ಮುದ್ರಾಂಕ, ಶೇ. 2 ನೋಂದಣಿ ಶುಲ್ಕ ನೀವು ಕಟ್ಟಿರುತ್ತೀರಿ. ಕಟ್ಟಡ ಮುಗಿಯುವ ಮೊದಲೇ ಕೊಂಡರೆ ಶೇ. 12 ಜಿಎಸ್‌ಟಿಯೂ ಸೇರಿತು. ವಾಪಸ್ ಬಂದದ್ದಕ್ಕೆ ಬಾಡಿಗೆ ಆದಾಯ ಅಂತ ತೆರಿಗೆ ಬೇರೆ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಉಂಟು. ಖಾತ್ರಿ ಇರುವಷ್ಟು ಕಾಲ ರೂಮಿನಲ್ಲಿ ನಿಜವಾಗಿ ವ್ಯಾಪಾರ ಆಗುತ್ತಿದೆಯೇ, ಯಾರು ಇದ್ದಾರೆ, ಎಷ್ಟು ಕೊಡುತ್ತಿದ್ದಾರೆ ಎಂಬುದು ಮಾಲೀಕನಿಗೆ ತಿಳಿಯುವುದೇ ಇಲ್ಲ. ಮೂರು ವರ್ಷ ಮುಗಿಯುವುದೂ ಎಲ್ಲರಿಗೂ ಒಂದೇ ತಿಂಗಳು. ಅಷ್ಟೂ ಬೀಗದ ಕೈ ಒಂದೇ ಸಲ ಮಾರುಕಟ್ಟೆಗೆ ಬಂದರೆ ಬಾಡಿಗೆ ಎಲ್ಲಿಗೆ ಇಳಿದೀತು ನೀವೇ ಊಹಿಸಿ. 300 ಚದರಡಿಯ ಸೂಪರ್ ಏರಿಯಾದಲ್ಲಿ ಕಾರ್ಪೆಟ್, ಅಂದರೆ ಒಳಗೆ ನಿಜವಾಗಿ ಬಳಸಲು ಸಿಗುವ ಜಾಗ, 200 ಇದ್ದು, ಚದರಡಿಗೆ 60 ಸಿಕ್ಕಿದರೆ ತಿಂಗಳಿಗೆ 12,000. ನಮ್ಮ ಕಡೆಯ ಬಾಡಿಗೆದಾರರು 'ಎಲ್ಲ ಸೇರಿಸಿ ಹೇಳಿ' ಅನ್ನುವವರು, ಹಾಗಾಗಿ ಮೈಂಟೆನೆನ್ಸ್ ಮಾಲೀಕನ ತಲೆಗೇ. ಅದು ಸೂಪರ್ ಏರಿಯಾದ ಮೇಲೆ ಚದರಡಿಗೆ 12 ಅಂತಿಟ್ಟರೆ 3,600, ಜಿಎಸ್‌ಟಿ ಸೇರಿ 4,248. ಉಳಿದದ್ದು 7,752. ವರ್ಷಕ್ಕೆ 93 ಸಾವಿರ. ತೆರಿಗೆ, ನೋಂದಣಿ ಎಲ್ಲ ಸೇರಿ 44 ಲಕ್ಷದ ಹತ್ತಿರ ಹೋದ ದುಡ್ಡಿಗೆ ಶೇ. 2 ಚಿಲ್ಲರೆ. ಅದೂ ರೂಮು ಖಾಲಿ ಬೀಳದಿದ್ದರೆ.

ಇನ್ನು ನಮ್ಮ ಕಟ್ಟಡ ಕೆಟ್ಟದ್ದು ಎಲ್ಲಿಂದ ಎನ್ನುವುದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರವಾದರೂ ಓದಿ. ಕೆಟ್ಟದ್ದು ಆಧಾರದಲ್ಲಿ, ಅಂದರೆ ಕ್ರಯಪತ್ರದಲ್ಲಿ. ಆಧಾರ ಇರುವುದು ಮಲಯಾಳದಲ್ಲಿ. ನಮ್ಮಲ್ಲಿ ಬಹಳ ಮಂದಿಗೆ ಮಾತಾಡಲು ಬರುತ್ತದೆ, ಹದಿನೆಂಟು ಪುಟ ಓದಲು ಬರುವುದಿಲ್ಲ. ಆಧಾರ ಬರೆಯುವವರು ಓದಿ ಹೇಳುವಾಗ ನೇರ ಸಿ ಷೆಡ್ಯೂಲಿಗೆ ಹೋಗುತ್ತಾರೆ. ಎ ಷೆಡ್ಯೂಲಿನಲ್ಲಿ ಇಡೀ ಜಾಗ, ಸರ್ವೆ ನಂಬ್ರ, ಎಷ್ಟು ಸೆಂಟ್ಸ್. ಬಿ ಷೆಡ್ಯೂಲಿನಲ್ಲಿ ಆ ಜಾಗದಲ್ಲಿ ನಿಮ್ಮ ಅವಿಭಜಿತ ಪಾಲು. ಸಿ ಷೆಡ್ಯೂಲಿನಲ್ಲಿ ನಿಮ್ಮ ರೂಮು, ನಂಬ್ರ, ನಾಲ್ಕು ಗಡಿ. ಎಲ್ಲರೂ ಸಿ ನೋಡಿ, ರೂಮು ನಂಬ್ರ ಸರಿ ಉಂಟಾ ಅಂತ ಕೇಳಿ ಸಹಿ ಹಾಕಿದರು. ನಡುವಿನ ಪುಟಗಳಲ್ಲಿ ಬಿಲ್ಡರ್ ತನಗೆ ಉಳಿಸಿಕೊಂಡ ಹಕ್ಕುಗಳ ಪಟ್ಟಿ ಇತ್ತು: ಟೆರೇಸ್, ಮುಂದಿನ ಗೋಡೆಯ ಹೋರ್ಡಿಂಗ್, ಬೇಸ್‌ಮೆಂಟ್ ಪಾರ್ಕಿಂಗಿನ ವಸೂಲಿ, ಮುಂದೆ ಮಹಡಿ ಏರಿಸುವ ಹಕ್ಕು, ಮತ್ತು ಬಟ್ಟೆ ಅಂಗಡಿಗೆ ಕೊಟ್ಟ ಇಡೀ ಎರಡನೇ ಮಹಡಿ. ಅಸೋಸಿಯೇಷನ್ ಪಾಲಿಗೆ ಬಂದದ್ದು ಲಿಫ್ಟ್, ಎಸ್ಕಲೇಟರ್, ಜನರೇಟರ್, ಟಾಯ್ಲೆಟ್, ಕೊಳಚೆ ನೀರಿನ ಪ್ಲಾಂಟ್, ಸೆಕ್ಯುರಿಟಿಯವರ ಸಂಬಳ. ಹಣ ಹುಟ್ಟುವ ಜಾಗವೆಲ್ಲ ಒಬ್ಬನಿಗೆ, ಹಣ ತಿನ್ನುವ ಜಾಗವೆಲ್ಲ ಉಳಿದವರಿಗೆ. ಹೋರ್ಡಿಂಗ್ ಮತ್ತು ಪಾರ್ಕಿಂಗಿನ ದುಡ್ಡು ಸಾಮಾನ್ಯ ಖರ್ಚಿಗೆ ಬರುವ ಕಟ್ಟಡದಲ್ಲಿ ನಾಲ್ಕು ರೂಮು ಖಾಲಿ ಬಿದ್ದರೂ ಎಸ್ಕಲೇಟರ್ ನಿಲ್ಲುವುದಿಲ್ಲ. ನಮ್ಮದರಲ್ಲಿ ನಾಲ್ಕು ಮಂದಿ ಮೈಂಟೆನೆನ್ಸ್ ಬಾಕಿ ಇಟ್ಟಾಗಲೇ ಡೀಸೆಲಿಗೆ ಕೈ ಕಟ್ಟಿತು.

ಎರಡನೇ ಮಹಡಿಯ ಬಟ್ಟೆ ಅಂಗಡಿಯೇ ಆ ಕಟ್ಟಡದ ಆ್ಯಂಕರ್, ಅಂದರೆ ಮುಖ್ಯ ಅಂಗಡಿ. ಆ್ಯಂಕರಿಗೆ ಚದರಡಿ ಬಾಡಿಗೆ ಸಣ್ಣ ರೂಮುಗಳಿಗಿಂತ ಎಷ್ಟೋ ಕಡಿಮೆ ಇರುತ್ತದೆ, ಕೆಲವೊಮ್ಮೆ ವ್ಯಾಪಾರದಲ್ಲಿ ಶೇಕಡಾವಾರು ಪಾಲು ಮಾತ್ರ. ಜನರನ್ನು ತರುವವ ಅವನು, ಹಾಗಾಗಿ ಅದು ನ್ಯಾಯವೇ. ಆದರೆ ಒಪ್ಪಂದದಲ್ಲಿ ಲಾಕ್-ಇನ್ ಅಂತ, ಅವ ಬಿಟ್ಟು ಹೋಗಬಾರದ ಅವಧಿ, ಇರುತ್ತದೆ. ಆ ಅವಧಿ ಕಳೆದ ಮೇಲೆ ನೋಟಿಸ್ ಕೊಟ್ಟು ಅವ ಎದ್ದು ಹೋಗಬಹುದು, ಮಾಲೀಕ ಅವನನ್ನು ಏಳಿಸುವಂತಿಲ್ಲ. ನಮ್ಮವ ಎದ್ದ. ಹೆದ್ದಾರಿ ಬದಿಯಲ್ಲಿ ತನ್ನದೇ ಅಂಗಳ, ತನ್ನದೇ ಪಾರ್ಕಿಂಗ್ ಇರುವ ಕಟ್ಟಡಕ್ಕೆ ಹೋದ. ಬಿಲ್ಡರ್ ಆ ಮಹಡಿಯನ್ನು ಹೊರಗಿನವರೊಬ್ಬರಿಗೆ ಮಾರಿ ಕೈತೊಳೆದುಕೊಂಡ, ಕೊಂಡವರು ಗೋಡೌನ್ ಮಾಡಿದರು. ತಡೆಯಲು ನಮ್ಮಲ್ಲಿ ಒಂದು ಸಾಲೂ ಇರಲಿಲ್ಲ. ಮೇಲೆ ಹೋಗಲು ಕಾರಣವೇ ಇಲ್ಲವೆಂದಾದಾಗ ಮೊದಲ ಮಹಡಿಯ ಚಪ್ಪಲಿ ಅಂಗಡಿ, ಫ್ಯಾನ್ಸಿ ಅಂಗಡಿ ಒಂದೊಂದೇ ಶಟರ್ ಎಳೆದವು. ಮಾಲೀಕರು ಗಾಬರಿಯಿಂದ ಸಿಕ್ಕಿದವರಿಗೆ ಕೊಟ್ಟರು: ಸಾಲಾಗಿ ಮೊಬೈಲ್ ರಿಪೇರಿ, ಒಂದು ಟ್ಯೂಷನ್ ಸೆಂಟರ್, ಒಂದು ಕೊರಿಯರ್ ಆಫೀಸು. ಒಬ್ಬ ಐದು ಸಾವಿರ ಇಳಿಸಿದರೆ ಪಕ್ಕದವ ಆರು ಇಳಿಸಿದ. ಇಂಥ ಕಟ್ಟಡ ಸಾಯುವ ಕ್ರಮವೂ ಒಂದೇ: ಮೊದಲು ಎಸಿಯ ಗಂಟೆ ಕಡಿಮೆ, ಆಮೇಲೆ ಎಸ್ಕಲೇಟರ್, ಆಮೇಲೆ ಮೇಲಿನ ಟಾಯ್ಲೆಟ್ಟಿಗೆ ಬೀಗ, ಕೊನೆಗೆ ರಾತ್ರಿ ಕಾವಲಿನವ.

ಅಸಲು ಮಾಲ್ ಹುಟ್ಟಿದ ರೀತಿ ನೋಡಿದರೆ ಇದು ಯಾಕೆ ಹೀಗೆ ಅಂತ ಅರ್ಥವಾಗುತ್ತದೆ. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮೊದಲ ಮಾಲ್ ಅಮೆರಿಕದ ಮಿನೆಸೋಟಾದ ಸೌತ್‌ಡೇಲ್. ತೆರೆದದ್ದು 1956ರ ಅಕ್ಟೋಬರ್ 8ಕ್ಕೆ. ನಮ್ಮ ಕಾಸರಗೋಡು ಕೇರಳಕ್ಕೆ ಹೋಗುವ ಮೂರು ವಾರ ಮೊದಲು. ವಿನ್ಯಾಸ ವಿಯೆನ್ನಾದಿಂದ ವಲಸೆ ಹೋದ ವಿಕ್ಟರ್ ಗ್ರೂಯನ್‌ನದ್ದು. ಕಟ್ಟಿಸಿದ್ದು ಡೇಟನ್ ಎಂಬ ಅಂಗಡಿ ಕಂಪನಿ. ಅದು ತನ್ನ ಅಂಗಡಿಯನ್ನೂ ಇಟ್ಟು, ಪ್ರತಿಸ್ಪರ್ಧಿ ಡೊನಾಲ್ಡ್‌ಸನ್ಸ್‌ಗೂ ಅದೇ ಸೂರಿನಡಿ ಜಾಗ ಕೊಟ್ಟಿತು. ಇಬ್ಬರ ನಡುವೆ ಓಡಾಡುವ ಜನ ಸಣ್ಣ ಅಂಗಡಿಗಳ ಮುಂದೆ ಹಾಯಲೇಬೇಕು. ನಿಮ್ಮ ಮಹಡಿಯ ಪ್ರಶ್ನೆಗೂ ಅಲ್ಲೇ ಉತ್ತರ ಉಂಟು: ಎರಡೂ ಮಹಡಿಗೆ ಸಮನಾಗಿ ಜನ ಬರಲೆಂದು ಗ್ರೂಯನ್ ಪಾರ್ಕಿಂಗನ್ನೇ ಎರಡು ಮಟ್ಟದಲ್ಲಿ ಇಟ್ಟ. ಇದನ್ನೆಲ್ಲ ಮಾಡಲು ಆಗುವುದು ಕಟ್ಟಡ ಇಡಿಯಾಗಿ ಒಂದೇ ಕೈಯಲ್ಲಿದ್ದರೆ ಮಾತ್ರ. ಯಾವ ಅಂಗಡಿ ಎಲ್ಲಿ, ಯಾರಿಗೆ ಕಡಿಮೆ ಬಾಡಿಗೆ, ಯಾರಿಗೆ ಹೆಚ್ಚು ಅಂತ ಒಬ್ಬನೇ ನಿರ್ಧರಿಸಬೇಕು.

ನಮ್ಮ ದೇಶದಲ್ಲಿ ಮದ್ರಾಸಿನ ಮೌಂಟ್ ರೋಡಿನ ಹೊಸ ಸ್ಪೆನ್ಸರ್ ಪ್ಲಾಜಾ 1991ರಲ್ಲಿ ಬಂತು, ದೆಹಲಿಯ ಅನ್ಸಲ್ ಪ್ಲಾಜಾ, ಮುಂಬೈಯ ಕ್ರಾಸ್‌ರೋಡ್ಸ್ 1999ರಲ್ಲಿ. ಆಮೇಲೆ ಮಾಲ್ ಕಟ್ಟುವ ಭರಾಟೆಯಲ್ಲಿ ಗುರ್‌ಗಾಂವ್ ಕಡೆ ರೂಮು ರೂಮಾಗಿ ಮಾರಿದ ಮಾಲುಗಳು ಎಷ್ಟೋ ಖಾಲಿಯಾದವು. ಮಾರದೆ ಲೀಸಿಗೆ ಕೊಟ್ಟ ಕೋರಮಂಗಲದ ಫೋರಂ (2004) ನಿಂತಿತು. ಕೊಚ್ಚಿ ಎಡಪ್ಪಳ್ಳಿಯ ಲುಲು (2013) ಡೇಟನ್ ಮಾಡಿದ್ದನ್ನೇ ಮಾಡಿತು: ಕಟ್ಟಡವೂ ತನ್ನದು, ಆ್ಯಂಕರ್ ಆದ ಹೈಪರ್‌ಮಾರ್ಕೆಟೂ ತನ್ನದು. ಮಂಗಳೂರಿನಲ್ಲಿ 2010ಕ್ಕೆ ಸಿಟಿ ಸೆಂಟರ್, 2014ಕ್ಕೆ ಪಾಂಡೇಶ್ವರದ ಫೋರಂ ಫಿಜಾ ಬಂದ ಮೇಲೆ ನಮ್ಮ ಗಡಿಯವರಿಗೆ ಹೋಲಿಸಿ ನೋಡಲು ಅದೇ ಅಳತೆಗೋಲು. ಹೆದ್ದಾರಿ ಷಟ್ಪಥ ಆದಮೇಲೆ ಉಪ್ಪಳದವರಿಗೆ ಮಂಗಳೂರು ಇನ್ನೂ ಹತ್ತಿರ. ಮದುವೆ ಬಟ್ಟೆಗೆ ಮಂಗಳೂರಿನ ಹಂಪನಕಟ್ಟೆಗೆ ಹೋಗುವವರನ್ನು ಮಂಜೇಶ್ವರ ದಾಟದಂತೆ ನಿಲ್ಲಿಸುವ ಅಂಗಡಿ ನಿಮ್ಮ ಮಾಲಿನಲ್ಲಿ ಯಾವುದು? ಬ್ರೋಷರಿನಲ್ಲಿ 'ಪ್ರಸಿದ್ಧ ಬ್ರ್ಯಾಂಡುಗಳು' ಅಂತ ಇದ್ದರೆ ಯಾವುದೂ ಇಲ್ಲ ಎಂದೇ ಲೆಕ್ಕ.

ಆದ್ದರಿಂದ ನನ್ನ ಸಲಹೆ: ಅಂಗಡಿ ಇಡುವ ಮನಸ್ಸಿದ್ದರೆ ಬಾಡಿಗೆಗೆ ಹಿಡಿಯಿರಿ. ದುಡ್ಡು ಹಾಕುವ ಮನಸ್ಸಾದರೆ ರಸ್ತೆಗೆ ಮುಖ ಮಾಡಿದ ಸಾದಾ ಕಾಂಪ್ಲೆಕ್ಸು ಸಾಕು. ಇಲ್ಲ, ಈ ಮಾಲೇ ಬೇಕು ಅಂತ ಅಣ್ಣ ಹಟ ಹಿಡಿದರೆ ಗ್ರೌಂಡ್ ಫ್ಲೋರು ಮಾತ್ರ, ಅದರಲ್ಲೂ ಶಟರ್ ಹೊರಗೆ ತೆರೆಯುವ ರೂಮು, ಪ್ರತ್ಯೇಕ ಕೆಎಸ್‌ಇಬಿ ಕರೆಂಟು ಮೀಟರು, ಪಂಚಾಯತಿನ ಪ್ರತ್ಯೇಕ ಡೋರ್ ನಂಬ್ರ ಇರುವಂಥದ್ದು. ಒಳಗಿನ ಮಾಲ್ ಮಲಗಿದರೂ ಆ ರೂಮಿಗೆ ಮೆಡಿಕಲ್ ಶಾಪೋ ಬೇಕರಿಯೋ ಸಿಗುತ್ತದೆ. ಒಳಮುಖದ ರೂಮಿಗೆ, ಎಸ್ಕಲೇಟರಿನ ಬೆನ್ನ ಹಿಂದಿರುವ ರೂಮಿಗೆ ಕಾಸೂ ಹಾಕಬೇಡಿ. ಹೊಸ ಹೆದ್ದಾರಿಗೆ ನಡುವೆ ಗೋಡೆ ಇರುವುದರಿಂದ ಎದುರು ಬದಿಯವರು ಬರಬೇಕಾದರೆ ಅಂಡರ್‌ಪಾಸ್ ಎಷ್ಟು ದೂರ, ಸರ್ವಿಸ್ ರೋಡಿಗೆ ಇಳಿಯುವುದು ಮಾಲ್‌ಗಿಂತ ಮೊದಲೋ ಆಮೇಲೋ ಅಂತ ಕಾರಿನಲ್ಲಿ ಹೋಗಿ ನೋಡಿ. ಆಮೇಲೆ ಸಿಗುವುದಾದರೆ ಗಿರಾಕಿ ದಾಟಿ ಹೋದ ಅಂತಲೇ.

ಕಾಗದದ ಕೆಲಸ ಹೇಳಿಬಿಡುತ್ತೇನೆ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ರೂಮು ಕಟ್ಟಿ ಮಾರುವುದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು) ನೋಂದಣಿ ಬೇಕು, ಅಂಗಡಿ ರೂಮಿಗೂ ಈ ಕಾನೂನು ಅನ್ವಯ. ಕೇರಳದ ಕೆ-ರೇರಾ ಸೈಟಿನಲ್ಲಿ ನಂಬ್ರ ಹಾಕಿ ಮಂಜೂರಾದ ಪ್ಲ್ಯಾನ್ ನೋಡಿ; ಬ್ರೋಷರಿನ ಪ್ಲ್ಯಾನ್ ಲೆಕ್ಕಕ್ಕಿಲ್ಲ. ನೋಂದಾಯಿತ ಕರಾರು ಆಗುವ ಮೊದಲು ಶೇ. 10ಕ್ಕಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಟೆರೇಸ್, ಸಾಮಾನ್ಯ ಬೇಸ್‌ಮೆಂಟ್, ತೆರೆದ ಪಾರ್ಕಿಂಗ್ ರೇರಾ ಪ್ರಕಾರ ಸಾಮಾನ್ಯ ಜಾಗ. ಆಧಾರದ ಕರಡಿನಲ್ಲಿ ಇವನ್ನು ಬಿಲ್ಡರ್ ಉಳಿಸಿಕೊಂಡಿದ್ದರೆ ತೆಗೆಸಿ, ಅಥವಾ ಎದ್ದು ಬನ್ನಿ. ಕರಡನ್ನು ಬಿಲ್ಡರಿನ ಬರಹಗಾರರಲ್ಲದೆ ಬೇರೆ ವಕೀಲರಿಂದ ಪೂರ್ತಿ ಕನ್ನಡದಲ್ಲಿ ಓದಿಸಿ ಕೇಳಿ. ರೂಮುಗಳನ್ನು ಬಾಡಿಗೆಗೆ ಕೊಡುವ ಅಧಿಕಾರ ಕನಿಷ್ಠ ಹತ್ತು ವರ್ಷ ಒಂದೇ ಸಂಸ್ಥೆಗೆ ಇರಬೇಕು ಎನ್ನುವ ಸಾಲು ಹುಡುಕಿ. ಆ್ಯಂಕರಿನ ನೋಂದಾಯಿತ ಲೀಸಿನ ನಕಲು ಕೇಳಿ, ಅದರಲ್ಲಿ ಲಾಕ್-ಇನ್ ಎಷ್ಟು ವರ್ಷ ಅಂತ ನೋಡಿ. 'ಮಾತುಕತೆ ಆಗ್ತಾ ಉಂಟು' ಅಂದರೆ ಆ್ಯಂಕರ್ ಇಲ್ಲ.

ಕಟ್ಟಡ ನೋಡಲು ಜುಲೈಯಲ್ಲಿ ಹೋಗಿ, ಜನವರಿಯಲ್ಲಿ ಹೋದರೆ ಎಲ್ಲವೂ ಚಂದವೇ ಕಾಣುತ್ತದೆ. ಬೇಸ್‌ಮೆಂಟಿನಲ್ಲಿ ಎರಡು ಪಂಪು ಉಂಟಾ, ಎರಡನೆಯದು ಜನರೇಟರಿನಲ್ಲೂ ಓಡುತ್ತದಾ ಅಂತ ಕೇಳಿ. ನಮ್ಮ ಮಳೆಗೆ ಕರೆಂಟು ಹೋಗುವುದೂ ನೀರು ಏರುವುದೂ ಒಟ್ಟಿಗೇ.

ಅಣ್ಣನ ಹೆಸರಿಗೆ ಕೊಳ್ಳುವುದಾದರೆ ಇನ್ನೊಂದು ಉಂಟು. ಮಾಲೀಕ ಎನ್‌ಆರ್‌ಐ ಆದರೆ ಬಾಡಿಗೆದಾರ ಮೊದಲ ರೂಪಾಯಿಯಿಂದಲೇ ಟಿಡಿಎಸ್, ಅಂದರೆ ಬಾಡಿಗೆಯಲ್ಲೇ ತೆರಿಗೆ, ಹಿಡಿಯಬೇಕು, ಸೆಸ್ ಸೇರಿ ಶೇ. 31.2. ಸಣ್ಣ ಅಂಗಡಿಯವರು ಈ ಕಿರಿಕಿರಿಗೇ ಪಕ್ಕದ ರೂಮು ಹಿಡಿಯುತ್ತಾರೆ. ದುಬೈಯಿಂದ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಿ. ಅದರಲ್ಲಿ ನಿಮ್ಮ ಹೆಸರಿರಲಿ. ಬಿಲ್ಡರ್ ಆಫೀಸಿನ ಹುಡುಗನ ಹೆಸರು ಹಾಕಿದರೆ ಓಡಾಟ ತಪ್ಪುತ್ತದೆ ಅಂತ ಅವರೇ ಹೇಳುತ್ತಾರೆ, ಒಪ್ಪಬೇಡಿ.