ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ ಟ್ರಿಪ್ ಆಗುತ್ತೆ, ತೆಗೆಸಿಬಿಡಬಹುದಾ?

ತೆಗೆಸಬೇಡಿ. ಆರ್‌ಸಿಸಿಬಿ ಅಂದರೆ ಕರೆಂಟ್ ಎಲ್ಲಾದರೂ ಸೋರಿದರೆ ಕಡಿಯುವ ಸ್ವಿಚ್. 30 ಮಿಲಿಆಂಪ್ ಸೋರಿಕೆಗೆ ಬೀಳುವುದನ್ನು ತೆಗೆದು 100ರದ್ದು ಹಾಕಿಸುವುದೂ ಬೇಡ. ಮಳೆ ಹಿಡಿದರೆ ಟ್ರಿಪ್, ಬಿಸಿಲು ಬಿದ್ದರೆ ಸರಿ, ಎಲೆಕ್ಟ್ರಿಷಿಯನ್ ನೋಡಿ "ಇದೇ ಹಾಳಾಗಿದೆ, ಡೈರೆಕ್ಟ್ ಮಾಡಿಬಿಡೋಣ" ಅಂದರು ಅಂತ ಬರೆದಿದ್ದೀರಲ್ಲ, ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ನಾವು ಡೈರೆಕ್ಟ್ ಮಾಡಿಸಿಯೇ ಬಿಟ್ಟೆವು.

ಆ ಮಳೆಗಾಲದಲ್ಲಿ ನಿಮಗಿರುವಷ್ಟೇ ಕಾಟ ನಮಗೂ ಇತ್ತು. ರಾತ್ರಿ ಧೋ ಅಂತ ಮಳೆ ಶುರುವಾದ ಸ್ವಲ್ಪ ಹೊತ್ತಿಗೆ ಟಪ್ ಅಂತ ಸದ್ದು, ಮನೆಯೆಲ್ಲ ಕತ್ತಲೆ. ಮಾವ ಟಾರ್ಚ್ ಹಿಡಿದು ಎದ್ದು ಹೋಗಿ ಅದನ್ನು ಎತ್ತುವುದು, ಅದು ಮತ್ತೆ ಬೀಳುವುದು. ಫ್ರಿಜ್‌ನಲ್ಲಿ ಇಟ್ಟಿದ್ದು ಕೆಡುತ್ತಿತ್ತು, ಮಗು ಕತ್ತಲೆಗೆ ಹೆದರಿ ಅಳುತ್ತಿತ್ತು. ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ ಚೆನ್ನಾಗಿ ಬಿಸಿಲು ಬಂದಿರುತ್ತಿತ್ತು, ಆಗ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಕೊನೆಗೆ ಅವರು ಹೇಳಿದ್ದು, ಇದು ಅತಿ ಸೂಕ್ಷ್ಮ, ಸುಮ್ ಸುಮ್ನೆ ಬೀಳುತ್ತೆ, ಎಂಸಿಬಿಗಳು (ಒಂದೊಂದು ಲೈನಿಗೂ ಇರುವ, ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್‌ಗಳು) ಇದ್ದಾವಲ್ಲ, ಅಷ್ಟು ಸಾಕು. "ಸರಿ, ಮಾಡಿಬಿಡಿ" ಅಂದದ್ದು ನಾನೇ. ಒಳಗೆ ಬರುವ ವೈರಿಗೂ ಹೊರಗೆ ಹೋಗುವ ವೈರಿಗೂ ಎರಡು ತುಂಡು ವೈರ್ ಸೇರಿಸಿ ಹೋದರು. ಆರ್‌ಸಿಸಿಬಿಯನ್ನು ಬೋರ್ಡಿನಿಂದ ಕಿತ್ತಿರಲಿಲ್ಲ. ಅದು ಅಲ್ಲೇ ಇತ್ತು, ಅದರ ಲಿವರ್ ಮೇಲಕ್ಕೇ ಇತ್ತು. ನೋಡಿದವರಿಗೆಲ್ಲ ಅದು ಕೆಲಸ ಮಾಡುತ್ತಿದೆ ಅಂತಲೇ ಅನಿಸುತ್ತಿತ್ತು.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಲೆಕ್ಕಾಚಾರ ಕಾಣುತ್ತಿದೆ. ಬೋರ್ಡಿನಲ್ಲಿ ಸಾಲಾಗಿ ಎಂಸಿಬಿಗಳಿವೆ, ಪಕ್ಕದಲ್ಲಿ ಇದೂ ಒಂದು, ಎಲ್ಲವೂ ಒಂದೇ ಜಾತಿಯವು, ಒಂದು ಹೋದರೆ ಉಳಿದವು ನೋಡಿಕೊಳ್ಳುತ್ತವೆ ಅಂದುಕೊಂಡಿದ್ದೆ. ಹಾಗಲ್ಲ. ಎಂಸಿಬಿ ಕಾಯುವುದು ವೈರನ್ನು. 16 ಆಂಪ್‌ನ ಎಂಸಿಬಿ 16 ಆಂಪ್ ತನಕ ಸುಮ್ಮನಿರುತ್ತದೆ, ಅದಕ್ಕಿಂತ ಸಾಕಷ್ಟು ಜಾಸ್ತಿ ಎಳೆಯುತ್ತಲೇ ಇದ್ದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ. 16 ಆಂಪ್ ಅಂದರೆ 16,000 ಮಿಲಿಆಂಪ್. ಮನುಷ್ಯನ ಕೈಯಲ್ಲಿ ಸುಮಾರು 10 ಮಿಲಿಆಂಪ್ ಹರಿದರೇ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗದ ಸ್ಥಿತಿ ಬರಬಹುದು. 30 ದಾಟಿ ಹಾಗೇ ಹರಿಯುತ್ತಿದ್ದರೆ ಉಸಿರಾಟಕ್ಕೆ, ಹೃದಯಕ್ಕೆ ಕುತ್ತು. ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದರ ಮಟ್ಟಿಗೆ ಎಲ್ಲೋ ಒಂದು ಸಣ್ಣ ಬಲ್ಬ್ ಹಾಕಿದ್ದಾರೆ, ಅಷ್ಟೇ.

ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಪ್ರತಿ ಕ್ಷಣ ತಾಳೆ ನೋಡುತ್ತಿರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಅದು ಒದ್ದೆ ಗೋಡೆಯ ಮೂಲಕ ಇರಬಹುದು, ಮನುಷ್ಯನ ಮೈ ಮೂಲಕವೂ ಇರಬಹುದು. ಸೋರಿಕೆ 30 ಮಿಲಿಆಂಪ್ ಮುಟ್ಟಿದರೆ 300 ಮಿಲಿಸೆಕೆಂಡಿನ ಒಳಗೆ ಕಡಿಯಬೇಕು, ಅದರ ಐದು ಪಟ್ಟು ಇದ್ದರೆ 40 ಮಿಲಿಸೆಕೆಂಡಿನ ಒಳಗೆ. 100 ಮತ್ತು 300ರವು ಇರುವುದು ಸೋರಿಕೆಯಿಂದ ಬೆಂಕಿ ಹೊತ್ತಿಕೊಳ್ಳದಿರಲಿ ಅಂತ. ಜೀವ ಕಾಯಲು ಇರುವುದು 30ರದ್ದು.

ಅಂದರೆ ಮಳೆ ಬಂದಾಗ ಅದು ಬೀಳುತ್ತಿದ್ದದ್ದು ತನ್ನ ಕೆಲಸ ಮಾಡುತ್ತಿದ್ದುದರಿಂದ. ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಬದಲು, ಸೋರುತ್ತಿದೆ ಅಂತ ಹೇಳುತ್ತಿದ್ದದ್ದರ ಬಾಯಿ ಮುಚ್ಚಿಸಿದೆವು. ಆಮೇಲೆ ಮನೆಯಲ್ಲಿ ಕರೆಂಟ್ ಹೋಗಲೇ ಇಲ್ಲ, ಎಲ್ಲರಿಗೂ ನೆಮ್ಮದಿ.

ಮುಂದಿನ ಮಳೆಗಾಲ. ವಾಷಿಂಗ್ ಮಷಿನ್ ಮನೆ ಹಿಂದೆ ಶೀಟಿನ ಕೆಳಗಿತ್ತು. ಅದರ ಸಾಕೆಟ್ಟಿನ ಒಳಗೆ ಅರ್ಥ್ ಸ್ಕ್ರೂ ತುಕ್ಕು ಹಿಡಿದು ವೈರ್ ಕಳಚಿಕೊಂಡಿತ್ತು, ಮಷಿನ್ ಒಳಗೂ ಎಲ್ಲೋ ಇನ್ಸುಲೇಷನ್ ಹೋಗಿತ್ತು. ಎರಡೂ ನಮಗೆ ಗೊತ್ತಿರಲಿಲ್ಲ. ಆದರೆ ಅತ್ತೆ ಒಂದು ಸಲ ಹೇಳಿದ್ದರು, "ಮಷಿನ್ ಮುಟ್ಟಿದರೆ ಜುಮ್ ಅನ್ನುತ್ತೆ ಕಣೇ." "ಚಪ್ಪಲಿ ಹಾಕ್ಕೊಂಡು ಮುಟ್ಟಿ ಅತ್ತೆ" ಅಂದಿದ್ದೆ. ಇದನ್ನು ಬರೆಯಲು ಕಷ್ಟವಾಗುತ್ತದೆ. ಜುಮ್ ಅನ್ನುವುದು ಅಂದರೆ ಮಷಿನ್ನಿನ ಮೈಗೆ ಕರೆಂಟ್ ಬಂದಿದೆ ಅಂತ, ಇನ್ನೇನೂ ಅಲ್ಲ. ಅದೇ ಕ್ಷಣ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಬೇಕಿತ್ತು.

ಆ ದಿನ ನೆಲವೆಲ್ಲ ಎರಚಲು ಹೊಡೆದು ಒದ್ದೆಯಾಗಿತ್ತು, ಅತ್ತೆ ಬರಿಗಾಲಲ್ಲಿದ್ದರು. ಎರಡೂ ಕೈಯಲ್ಲಿ ಬಟ್ಟೆ ತಬ್ಬಿಕೊಂಡಿದ್ದರಿಂದ ಮಷಿನ್ನನ್ನು ಮುಂಗೈ ಹಿಂಭಾಗದಿಂದ ತಳ್ಳಿದರು. ಅದರಿಂದಲೇ ಬದುಕಿದರು ಅಂತ ಆಮೇಲೆ ಡಾಕ್ಟರ್ ಹೇಳಿದರು. ಅಂಗೈಯಲ್ಲಿ ಹಿಡಿದಿದ್ದರೆ ಬೆರಳು ಬಿಗಿದುಕೊಳ್ಳುತ್ತಿದ್ದವು. ಹಿಂಗೈ ತಗುಲಿದ್ದಕ್ಕೆ ಕೈ ಸೆಳೆದುಕೊಂಡು ಹಿಂದಕ್ಕೆ ಬಿದ್ದರು, ಸೊಂಟ ಮೆಟ್ಟಿಲ ಅಂಚಿಗೆ ಬಡಿಯಿತು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಈಗಲೂ ಕೋಲು ಹಿಡಿದೇ ನಡೆಯುತ್ತಾರೆ. ನಾನು ಓಡಿಹೋಗಿ ಮೈನ್ ಆರಿಸಲು ಬೋರ್ಡ್ ತೆರೆದಾಗ ಒಂದು ಎಂಸಿಬಿಯೂ ಬಿದ್ದಿರಲಿಲ್ಲ. ಆರ್‌ಸಿಸಿಬಿ ಕೆಲಸ ಮಾಡುವ ಹಾಗಿದ್ದಿದ್ದರೆ ಅರ್ಥ್ ಕಳಚಿದ್ದರೂ, ಕರೆಂಟ್ ಅವರ ಮೈ ಮೂಲಕ ನೆಲಕ್ಕೆ ಹೋಗಲು ಶುರುವಾದ ಕೂಡಲೇ ಕಡಿಯುತ್ತಿತ್ತು. ಶಾಕ್ ಹೊಡೆಯುತ್ತಿತ್ತು, ಬಿದ್ದರೂ ಬೀಳುತ್ತಿದ್ದರೇನೋ. ಆದರೆ ಜೀವ ಹೋಗುವ ಅಂಚಿಗೆ ಹೋಗುತ್ತಿರಲಿಲ್ಲ.

ಆಮೇಲೆ ಬಂದ ಇನ್ನೊಬ್ಬ ಎಲೆಕ್ಟ್ರಿಷಿಯನ್ ಮೊದಲು ಆ ಎರಡು ತುಂಡು ವೈರ್ ಕಿತ್ತರು. ಆರ್‌ಸಿಸಿಬಿ ಮತ್ತೆ ಹಳೇ ಥರವೇ ಬೀಳತೊಡಗಿತು. ಅವರು ಒಂದೊಂದೇ ಎಂಸಿಬಿ ಆರಿಸುತ್ತಾ ಹೋದರು. ಗೇಟಿನ ಲೈಟಿನ ಎಂಸಿಬಿ ಆರಿಸಿದ್ದರೂ, ಗೀಸರ್ ಹಾಕಿದ ಕೂಡಲೇ ಟಪ್. ಗೀಸರೇ ಕೆಟ್ಟಿದೆ ಅಂದುಕೊಂಡೆ. ಮೊದಲಿನವರಿಗೂ ಇಲ್ಲೇ ಗೊಂದಲ ಆಗಿರಬೇಕು. ಇವರು ಹೇಳಿದ್ದು ಇದು: ಸಾಮಾನ್ಯವಾಗಿ ಮನೆಯ ಒಂಟಿ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಜೋಡಿಕೊಂಡಿರುತ್ತದೆ. ಗೇಟಿನ ಹತ್ತಿರ ಆ ನ್ಯೂಟ್ರಲ್ ನೆಲಕ್ಕೆ ತಗುಲಿದ್ದರೆ, ಗೀಸರಿನಿಂದ ವಾಪಸ್ ಬರುವ ಕರೆಂಟಿನಲ್ಲಿ ಒಂದಿಷ್ಟು ಆ ದಾರಿಯಲ್ಲಿ ಸೋರಿಹೋಗುತ್ತದೆ. ತಪ್ಪು ಒಂದು ಕಡೆ, ಟ್ರಿಪ್ ಇನ್ನೊಂದು ಕಡೆಯದ್ದು ಹಾಕಿದಾಗ. ಮೈನ್ ಆರಿಸಿ, ನ್ಯೂಟ್ರಲ್ ವೈರುಗಳನ್ನು ಒಂದೊಂದಾಗಿ ಬಿಚ್ಚಿ, ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಟ್ಟು ನೋಡಿದ ಮೇಲೆ ಗೇಟಿನ ಲೈನ್ ಸಿಕ್ಕಿಬಿತ್ತು.

ಗೇಟಿನ ಲೈಟಿನ ಗಾಜು ಬಿಚ್ಚಿದರೆ ಅರ್ಧ ನೀರು, ಅದರಲ್ಲಿ ಸತ್ತ ಹುಳಗಳು. ಹೋಲ್ಡರಿನ ಸ್ಕ್ರೂ ಮೇಲೆ ಹಸಿರು ಕಿಲುಬು ದಪ್ಪಗೆ ಕಟ್ಟಿತ್ತು. ಕೆಳಗೆ ಕಂಬದೊಳಗೆ ವೈರ್ ಜೋಡಿಸಿ ಸುತ್ತಿದ್ದ ಟೇಪ್ ಅಂಟು ಬಿಟ್ಟು ಜಾರಿ, ಜಾಯಿಂಟ್ ಬರಿ ತಾಮ್ರವಾಗಿ ನೀರಿನಲ್ಲಿ ಕೂತಿತ್ತು. ಬಿಸಿಲಿಗೆ ಆ ನೀರು ಒಣಗುತ್ತಿತ್ತು, ಟ್ರಿಪ್ ನಿಲ್ಲುತ್ತಿತ್ತು. ಹೊಸ ವೈರ್, ನೀರು ಹೋಗದ ಬಾಕ್ಸ್, ವೈರ್ ಕೆಳಗಿನಿಂದ ಒಳಹೋಗುವ ಹಾಗೆ. ಅಷ್ಟೇ ಕೆಲಸ. ಮಧ್ಯಾಹ್ನದೊಳಗೆ ಮುಗಿಯಿತು.

ಹಾಗಾಗಿ ನೀವು ಮಾಡಬೇಕಾದದ್ದು, ಎಲೆಕ್ಟ್ರಿಷಿಯನ್ನನ್ನು ಮಳೆ ಬರುತ್ತಿರುವಾಗ ಅಥವಾ ಬಂದು ನಿಂತ ಕೂಡಲೇ ಕರೆಸುವುದು. ಬಿಸಿಲಲ್ಲಿ ಕರೆಸಿದರೆ ತಪ್ಪೂ ಒಣಗಿರುತ್ತದೆ, ಅವರಿಗೆ ಏನೂ ಸಿಗುವುದಿಲ್ಲ, ಕೊನೆಗೆ ಬೈಸಿಕೊಳ್ಳುವುದು ಆರ್‌ಸಿಸಿಬಿ. ಹೊರಗಿನ ಬಾಕ್ಸ್ ಬಿಚ್ಚುವುದು ಮಳೆ ನಿಂತ ಮೇಲೇ, ಮೈನ್ ಆರಿಸಿಯೇ ಆಗಲಿ. ಅವರು ಬರುವ ತನಕ ನೀವು ಎಂಸಿಬಿಗಳನ್ನು ಒಂದೊಂದಾಗಿ ಆರಿಸಿ ಹಾಕಿ, ಯಾವಾಗ ಬೀಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮುಂದೆ ನೀವು ಕೈ ಹಾಕಬೇಡಿ, ನ್ಯೂಟ್ರಲ್ ಬಿಚ್ಚುವುದಂತೂ ಬೇಡವೇ ಬೇಡ. 500 ವೋಲ್ಟಿನ ಮೆಗ್ಗರ್ ಇದೆಯಾ ಅಂತ ಮೊದಲೇ ಫೋನಿನಲ್ಲಿ ಕೇಳಿ. ಬರೀ ಟೆಸ್ಟರ್ ಹಿಡಿದು ಬರುವವರಿಗೆ ಇದು ಸಿಗುವುದು ಕಷ್ಟ. ಯಾವುದಾದರೂ ಲೈನ್ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಲೈನ್ ಬಿಚ್ಚಿ ನೋಡಲೇಬೇಕು. ಮೊದಲು ಹೊರಗಿನವು: ಗೇಟಿನ ಲೈಟ್, ಕಾಲಿಂಗ್ ಬೆಲ್ ಸ್ವಿಚ್, ತಾರಸಿಯ ಪಾಯಿಂಟ್, ನೀರಿನ ಮೋಟಾರ್. ಆಮೇಲೆ ಗೀಸರಿನ ಹೀಟಿಂಗ್ ಕಾಯಿಲ್, ಅದು ಸೀಳಿದ್ದರೂ ಇದೇ ಥರ ಬೀಳುತ್ತದೆ.

ಎಲ್ಲ ಹುಡುಕಿಯೂ ದೊಡ್ಡ ತಪ್ಪು ಸಿಗದಿದ್ದರೆ, ಸಣ್ಣ ಸಣ್ಣ ಸೋರಿಕೆಗಳು ಕೂಡಿರಬಹುದು. ಕಂಪ್ಯೂಟರ್, ಚಾರ್ಜರ್, ಮಷಿನ್‌ಗಳು ಸರಿಯಾಗಿದ್ದರೂ ಪ್ರತಿಯೊಂದೂ ಚೂರು ಸೋರುತ್ತದೆ, ಮತ್ತು 30ರ ಆರ್‌ಸಿಸಿಬಿ 15ರಿಂದ 30 ಮಿಲಿಆಂಪ್ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅದಕ್ಕೆ ಪರಿಹಾರ ಲೈನುಗಳನ್ನು ಎರಡು ಆರ್‌ಸಿಸಿಬಿಗೆ ಹಂಚುವುದು, ಅಥವಾ ಒಂದೊಂದು ಲೈನಿಗೂ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಒಂದೇ ಮಾಡುವಂಥದ್ದು) ಹಾಕಿಸುವುದು. ಆರ್‌ಸಿಬಿಒ ಇದ್ದರೆ, ಗೇಟಿನ ಲೈಟ್ ಒದ್ದೆಯಾದಾಗ ಅದೊಂದೇ ಹೋಗುತ್ತದೆ, ಫ್ರಿಜ್ ನಡೆಯುತ್ತಿರುತ್ತದೆ. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ? ಖರ್ಚು ಜಾಸ್ತಿ ಆಗುತ್ತದೆ, ಆಗಲಿ. ಹೊಸದು ಹಾಕಿಸುವಾಗ ಎ ಟೈಪ್ ಆರ್‌ಸಿಸಿಬಿ ಕೇಳಿ. ಇತ್ತೀಚಿನ ವಾಷಿಂಗ್ ಮಷಿನ್‌ಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ, ಅವುಗಳ ಕೆಲವು ಥರದ ಸೋರಿಕೆಯನ್ನು ಎಸಿ ಟೈಪ್ ಆರ್‌ಸಿಸಿಬಿ ಗುರುತಿಸದೆ ಹೋಗಬಹುದು.

ಆರ್‌ಸಿಸಿಬಿಯ ಮೇಲೆ ಟಿ ಅಂತ ಬರೆದ ಗುಂಡಿ ಇರುತ್ತದೆ. ಒತ್ತಿದರೆ ಬೀಳಬೇಕು. ಬೀಳದಿದ್ದರೆ ಅವತ್ತೇ ಬದಲಿಸಿ, ನಾಳೆಗೆ ಇಡಬೇಡಿ. ನಾನು ತಿಂಗಳಿಗೊಮ್ಮೆ ಒತ್ತುತ್ತೇನೆ. ಆ ಗುಂಡಿ ಅರ್ಥಿಂಗ್ ಸರಿಯಿದೆಯಾ ಅಂತ ಹೇಳುವುದಿಲ್ಲ, ಅದಕ್ಕೇ ಮಳೆಗಾಲಕ್ಕೆ ಮುಂಚೆ ಗೀಸರ್, ಮಷಿನ್, ಮೋಟಾರ್ ಸಾಕೆಟ್ಟುಗಳನ್ನು ಬಿಚ್ಚಿಸಿ ಅರ್ಥ್ ಸ್ಕ್ರೂ ಬಿಗಿ ಮಾಡಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನ್ ಆರ್‌ಸಿಸಿಬಿ ಮೂಲಕ ಹೋಗುತ್ತದೆಯಾ, ಇಲ್ಲ ಹೊರಗೇ ಉಳಿದಿದೆಯಾ ಅಂತಲೂ ಕೇಳಿ. ಆರ್‌ಸಿಸಿಬಿ ಇದ್ದರೂ ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಗುಲಿ ಕರೆಂಟ್ ಎಲ್ಲೂ ನೆಲಕ್ಕೆ ಸೋರದಿದ್ದರೆ ಅದು ಬೀಳುವುದಿಲ್ಲ, ಹಾಗಾಗಿ ಅದಿದೆ ಅಂತ ವೈರಿಗೆ ಕೈ ಹಾಕಬೇಡಿ. ಮೈನ್ ಸ್ವಿಚ್ ಎಲ್ಲಿದೆ ಅಂತ ಮನೆಯ ಪ್ರತಿಯೊಬ್ಬರಿಗೂ ತೋರಿಸಿ, ಮಕ್ಕಳಿಗೂ. ಯಾರಿಗಾದರೂ ಶಾಕ್ ಹಿಡಿದುಕೊಂಡರೆ ಮುಟ್ಟಿ ಎಳೆಯಬಾರದು, ಮೊದಲು ಮೈನ್ ಆರಿಸಬೇಕು.

ಈ ಸಲ ಪೇಂಟ್ ಮಾಡಿಸಲಾ, ತಾರಸಿ ಸೋರುವುದನ್ನು ಸರಿಮಾಡಿಸಲಾ ಅಂತಲೂ ಕೇಳಿದ್ದೀರಿ. ಮೊದಲು ವೈರಿಂಗ್, ಆಮೇಲೆ ತಾರಸಿ. ತಾರಸಿಯ ನೀರು ಇಳಿಯುವುದು ವೈರ್ ಇರುವ ಗೋಡೆಯೊಳಗೇ, ಪೈಪಿನೊಳಗೇ. ಪೇಂಟನ್ನು ಮುಂದಿನ ವರ್ಷ ನೋಡಿಕೊಳ್ಳಿ. ಒದ್ದೆ ಗೋಡೆಗೆ ಹೊಡೆದರೆ ಹೇಗೂ ಉಬ್ಬಿ ಉದುರುತ್ತದೆ.